ಸಾನಾಕ್‌ಳ ಕಥೆ ಮತ್ತು ನನ್ನ 13 ಲಕ್ಷ ವಾಕ್ಯಗಳು

(ನಮ್ಮ ಸಂಘದ ಮಹಿಳಾ ವೇದಿಕೆಯ ‘ಜಾಗತೀಕರಣ ಮತ್ತು ತಾಯ್ನುಡಿ’ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಕನ್ನಡದ ಬಗ್ಗೆ ಮಾತಾಡುವವರು ಇವತ್ತಿನ ಪಟ್ಟಿಯಲ್ಲಿ ನಾಲ್ವರಿದ್ದಾರೆ. ಐದನೆಯವಳಾಗಿ ನಾನೂ ಅದನ್ನೇ ಹೇಳಿದರೆ ಊಟದ ಹೊತ್ತಿಗೆ ನಿಮಗೆ ಸಾಕಾಗಿರುತ್ತದೆ. ಹಾಗಾಗಿ ಸಂಯೋಜಕರಿಗೆ ಫೋನ್ ಮಾಡಿ, ‘ಮೇಡಂ, ನಾನು ಉತ್ತರ ಧ್ರುವದ ಹತ್ತಿರ ಹೋಗಿ ಬರಲೇ?’ ಎಂದೆ. ಅವರು ನಕ್ಕು, ‘ಸ್ವೆಟರ್ ಹಾಕ್ಕೊಂಡು ಹೋಗಿ ಬಾರಮ್ಮ, ಆದರೆ 20 ನಿಮಿಷದಲ್ಲಿ ವಾಪಸ್ ಬರಬೇಕು’ ಎಂದರು.

ನಾನು ಅಲ್ಲಿಗೆ ನಿಜವಾಗಿ ಹೋದವಳಲ್ಲ. ಕೆಲಸದ ಮೂಲಕ ಆ ಭಾಷೆಯ ಬಾಗಿಲಿಗೆ ಹೋದವಳು. ಎಂ.ಟೆಕ್ ಮುಗಿಸಿ ಪುಣೆಗೆ ಬಂದು 11 ವರ್ಷವಾಯಿತು. ನಮ್ಮ ತಂಡದ ಕೆಲಸ ಯಂತ್ರಾನುವಾದ, ಅಂದರೆ ಕಂಪ್ಯೂಟರಿಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದ ಮಾಡುವುದನ್ನು ಕಲಿಸುವುದು. 2021ರಲ್ಲಿ, ಎಲ್ಲರೂ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದಾಗ, ನಮಗೊಂದು ಪ್ರಯೋಗ ಬಂತು. ಉದ್ದುದ್ದ ಪದಗಳನ್ನು ಒಡೆದು ಕಂಪ್ಯೂಟರಿಗೆ ಅರ್ಥ ಮಾಡಿಸುವ ವಿಧಾನಗಳಲ್ಲಿ ಯಾವುದು ಮೇಲು ಎಂದು ನೋಡಬೇಕಿತ್ತು. ನಮ್ಮ ಕನ್ನಡದಲ್ಲಿ ‘ಬರಲಾಗುವುದಿಲ್ಲವಂತೆ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವಲ್ಲ, ಇಂಗ್ಲಿಷಿನಲ್ಲಿ ಅದಕ್ಕೆ ಏಳೆಂಟು ಪದ ಬೇಕು. ಇನುಕ್ಟಿಟುಟ್ ಭಾಷೆ ಈ ವಿಷಯದಲ್ಲಿ ನಮಗೂ ಅಜ್ಜಿ. ‘ತುಸಾತ್ಸಿಯರುನ್ನಂಙಿತ್ತುವಾಲೂಯುಂಗ’ ಎಂಬುದು ಅಲ್ಲಿ ಒಂದು ಪದ. ಕೇಳುವುದು, ಚೆನ್ನಾಗಿ, ಆಗುವುದು, ಇಲ್ಲ, ತುಂಬಾ, ನಾನು ಎಲ್ಲವೂ ಅದರೊಳಗಿವೆ. ‘ನನಗೆ ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ’ ಎಂದು ಅರ್ಥ. (ಹಿಂದಿನ ಸಾಲಿನ ಮಕ್ಕಳೇ, ನಾನು ಸರಿಯಾಗಿ ಉಚ್ಚರಿಸಿದೆ ಎಂದು ನಂಬಬೇಡಿ.)

ಇದು ಕೆನಡಾದ ಉತ್ತರ ತುದಿಯ ಇನುಯಿಟ್ ಜನರ ಭಾಷೆ. ನಾವು ಶಾಲೆಯಲ್ಲಿ ‘ಎಸ್ಕಿಮೊ’ ಎಂದು ಓದಿದೆವು. ಅದು ಹೊರಗಿನವರು ಇಟ್ಟ ಹೆಸರು, ಅಲ್ಲಿನ ಜನ ಅದನ್ನು ಬಯಸುವುದಿಲ್ಲ. 1999ರ ಏಪ್ರಿಲ್ 1ರಂದು ಅವರಿಗೆ ನುನಾವುಟ್ ಎಂಬ ಪ್ರತ್ಯೇಕ ಪ್ರಾಂತ್ಯ ಸಿಕ್ಕಿತು. ನಮ್ಮ ದೇಶದ ಅರ್ಧಕ್ಕಿಂತ ಹೆಚ್ಚು ವಿಸ್ತೀರ್ಣ, 2021ರಲ್ಲಿ ಜನ ಸುಮಾರು 37 ಸಾವಿರ. 25 ಊರುಗಳು, ಒಂದರಿಂದ ಇನ್ನೊಂದಕ್ಕೆ ರಸ್ತೆ ಇಲ್ಲ. ಇಷ್ಟು ಚಿಕ್ಕ ಸಮುದಾಯದ ಭಾಷೆ ನಮ್ಮ ಪುಣೆಯ ಆಫೀಸಿಗೆ ಹೇಗೆ ಬಂತು? ಅಲ್ಲಿನ ಶಾಸನಸಭೆಯ ಕಲಾಪವೆಲ್ಲ ಇಂಗ್ಲಿಷ್ ಮತ್ತು ಇನುಕ್ಟಿಟುಟ್ ಎರಡರಲ್ಲೂ ದಾಖಲಾಗುತ್ತದೆ. 1999ರಿಂದ 2017ರವರೆಗಿನ ದಾಖಲೆಗಳನ್ನು ಜೋಡಿಸಿ, ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯವರು ಸುಮಾರು 13 ಲಕ್ಷ ವಾಕ್ಯಜೋಡಿಗಳ ಸಂಗ್ರಹ ಮಾಡಿ 2020ರಲ್ಲಿ ಜಗತ್ತಿಗೆ ಕೊಟ್ಟರು. ಇಂಗ್ಲಿಷ್ ಕಡೆ 1 ಕೋಟಿ 73 ಲಕ್ಷ ಪದಗಳಿದ್ದರೆ ಇನುಕ್ಟಿಟುಟ್ ಕಡೆ ಸುಮಾರು 80 ಲಕ್ಷ. ಪದ ಎಷ್ಟು ಉದ್ದ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನಮಗೋ ಹಬ್ಬ. ಡೌನ್‌ಲೋಡ್ ಮಾಡಿದೆವು, ತರಬೇತಿ ಕೊಟ್ಟೆವು, ಒಳ್ಳೆಯ ಅಂಕ ಬಂತು. ನಾನು ವರದಿಯಲ್ಲಿ ಬರೆದೆ: ‘ಇನುಕ್ಟಿಟುಟ್ — ಡೇಟಾ ಸಾಕಷ್ಟಿದೆ, ಫಲಿತಾಂಶ ತೃಪ್ತಿಕರ.’ ಈ ವಾಕ್ಯ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಒಂದು ದಿನ ಸುಮ್ಮನೆ ಕುತೂಹಲಕ್ಕೆ ಮಕ್ಕಳ ಒಂದು ದ್ವಿಭಾಷಾ ಚಿತ್ರಪುಸ್ತಕದ ಪುಟವನ್ನು ನಮ್ಮ ಯಂತ್ರಕ್ಕೆ ಕೊಟ್ಟೆ. ಅಜ್ಜಿ ದೀಪ ಹಚ್ಚುವ ಚಿತ್ರ. ಅಲ್ಲಿನ ದೀಪಕ್ಕೆ ಕುಲ್ಲಿಕ್ ಎಂದು ಹೆಸರು. ಬಳಪದ ಕಲ್ಲಿನಲ್ಲಿ ಕೊರೆದ ಅರ್ಧಚಂದ್ರಾಕಾರದ ಹಣತೆ, ಸೀಲ್ ಪ್ರಾಣಿಯ ಕೊಬ್ಬೇ ಎಣ್ಣೆ. ಅಡುಗೆ, ಬೆಳಕು, ಬೆಚ್ಚಗಿನ ಮನೆ, ಬಟ್ಟೆ ಒಣಗಿಸುವುದು ಎಲ್ಲಕ್ಕೂ ಅದೊಂದೇ. ಅದನ್ನು ಆರದಂತೆ ನೋಡಿಕೊಳ್ಳುವವಳು ಮನೆಯ ಹೆಂಗಸು. ನಮ್ಮ ಯಂತ್ರ ಆ ಪುಟವನ್ನು ಇಂಗ್ಲಿಷಿಗೆ ತಂದಾಗ ಮೊದಲ ಸಾಲು ಏನಿತ್ತು ಗೊತ್ತೇ? ‘ಧನ್ಯವಾದಗಳು, ಮಾನ್ಯ ಅಧ್ಯಕ್ಷರೇ.’

ಮನೆಯಲ್ಲಿ ಬಿದ್ದು ಬಿದ್ದು ನಕ್ಕೆವು. ಆಮೇಲೆ ನಗು ನಿಂತಿತು. ಆ ಯಂತ್ರಕ್ಕೆ ಮಸೂದೆ ಗೊತ್ತು, ಬಜೆಟ್ ಗೊತ್ತು, ತಿದ್ದುಪಡಿ ಗೊತ್ತು. ದೀಪ ಹಚ್ಚುವ ಅಜ್ಜಿ ಗೊತ್ತಿಲ್ಲ. 13 ಲಕ್ಷ ವಾಕ್ಯಗಳಲ್ಲಿ ಒಂದು ಅಡುಗೆಮನೆ ಇಲ್ಲ.

ಅಲ್ಲಿಂದ ನಾನು ಆಫೀಸಿಗಾಗಿ ಅಲ್ಲ, ನನಗಾಗಿ ಓದತೊಡಗಿದೆ.

ಮೊದಲು ಲಿಪಿಯ ವಿಷಯ ಹೇಳಿಬಿಡುತ್ತೇನೆ. 1840ರ ಸುಮಾರಿಗೆ ಜೇಮ್ಸ್ ಇವಾನ್ಸ್ ಎಂಬ ಪಾದ್ರಿ ಕೆನಡಾದ ಕ್ರೀ ಜನರಿಗಾಗಿ ಒಂದು ಲಿಪಿ ಮಾಡಿದ. ಚಹಾ ಪೆಟ್ಟಿಗೆಯ ಸೀಸದ ತಗಡು ಕರಗಿಸಿ ಅಚ್ಚುಮೊಳೆ ಮಾಡಿಕೊಂಡ. ಆ ಲಿಪಿಯ ಮೇಲೆ ಶೀಘ್ರಲಿಪಿಯ ಜೊತೆಗೆ ನಮ್ಮ ದೇವನಾಗರಿಯ ಪ್ರಭಾವವೂ ಇದೆ ಎಂದು ಲಿಪಿ ಬಲ್ಲವರು ಗುರುತಿಸಿದ್ದಾರೆ. ಜಾಗತೀಕರಣ 1991ರಲ್ಲಿ ಶುರುವಾಯಿತು ಎನ್ನುವವರಿಗೆ ಇದನ್ನು ಹೇಳಬೇಕು. ಮುಂದೆ ಎಡ್ಮಂಡ್ ಪೆಕ್ ಮುಂತಾದ ಪಾದ್ರಿಗಳು ಅದನ್ನು ಇನುಯಿಟರ ನಡುವೆ ತಂದರು. ಒಂದು ಆಕಾರ ಒಂದು ವ್ಯಂಜನ, ಅದು ಯಾವ ಕಡೆ ಮುಖ ಮಾಡಿದೆಯೋ ಅದು ಸ್ವರ. ಬರೀ ತ್ರಿಕೋನ ಮೇಲಕ್ಕೆ ನೋಡಿದರೆ ‘ಇ’, ಬಲಕ್ಕೆ ನೋಡಿದರೆ ‘ಉ’, ಎಡಕ್ಕೆ ನೋಡಿದರೆ ‘ಅ’. ನಮ್ಮ ಕಾಗುಣಿತವನ್ನು ಚಕ್ರಕ್ಕೆ ಕಟ್ಟಿ ತಿರುಗಿಸಿದ ಹಾಗೆ. ಶಾಲೆಗಳೇ ಇಲ್ಲದ ಕಾಲದಲ್ಲಿ ಜನ ಮನೆಯಲ್ಲಿ ಒಬ್ಬರಿಂದೊಬ್ಬರು ಇದನ್ನು ಕಲಿತರು.

ಅದೇ ತ್ರಿಕೋನ ಕೆಳಕ್ಕೆ ನೋಡಿದರೆ ‘ಐ’. ಈ ‘ಐ, ಪೈ, ತೈ’ ಸಾಲು 1970ರ ದಶಕದಲ್ಲಿ ಅಧಿಕೃತ ಲಿಪಿಯಿಂದ ಹೊರಗೆ ಹೋಯಿತು. ಯಾಕೆ? ಭಾಷೆಯಲ್ಲಿ ಆ ಧ್ವನಿ ಇರಲಿಲ್ಲವೇ? ಇತ್ತು. ಐಬಿಎಂ ಸೆಲೆಕ್ಟ್ರಿಕ್ ಟೈಪ್‌ರೈಟರಿನ ಅಕ್ಷರದ ಗುಂಡಿನ ಮೇಲೆ ಜಾಗ ಇರಲಿಲ್ಲ! ಯಂತ್ರಕ್ಕೆ ಹಿಡಿಸಲಿಲ್ಲವೆಂದು ಲಿಪಿಯನ್ನೇ ಕತ್ತರಿಸಿದರು. ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಕ್ವಿಬೆಕ್‌ನ ಉತ್ತರದ ನುನಾವಿಕ್ ಪ್ರದೇಶದವರು ‘ಈಗ ಆ ತೊಂದರೆ ಇಲ್ಲವಲ್ಲ’ ಎಂದು ಆ ಸಾಲನ್ನು ವಾಪಸ್ ತಂದರು, ಉಳಿದವರು ತರಲಿಲ್ಲ. ನೋಡಿ, ಒಂದು ಕಚೇರಿ ಯಂತ್ರ ಎರಡು ಪ್ರದೇಶಗಳ ಬರವಣಿಗೆಯ ನಡುವೆ ಗೆರೆ ಎಳೆಯಿತು. ನನ್ನಂಥ ಎಂಜಿನಿಯರುಗಳಿಗೆ ಇದನ್ನು ಮೊದಲ ಸೆಮಿಸ್ಟರಿನಲ್ಲೇ ಪಾಠ ಮಾಡಬೇಕಿತ್ತು.

ಆಮೇಲೆ ಕಂಪ್ಯೂಟರ್ ಬಂದಾಗ ಅವರೂ ನಮ್ಮ ಹಾಗೇ ಒದ್ದಾಡಿದರು. ಹಳೆಯ ಕನ್ನಡ ಫೈಲುಗಳನ್ನು ತೆರೆದಾಗ ಫಾಂಟ್ ಇಲ್ಲದೆ ಬರೀ ವಿಚಿತ್ರ ಚಿಹ್ನೆಗಳು ಕಾಣುತ್ತಿದ್ದದ್ದು ಇಲ್ಲಿ ಅನೇಕರಿಗೆ ನೆನಪಿರಬೇಕು. ನಮ್ಮ ಸಂಘದ ಹಳೆಯ ಸ್ಮರಣಸಂಚಿಕೆಯ ಸಿ.ಡಿ.ಯನ್ನು ತೆರೆಯಲು ನಾನೇ ಒಂದು ಭಾನುವಾರ ಕಳೆದಿದ್ದೇನೆ. ಅವರಲ್ಲೂ ನುನಾಕಾಮ್, ಪ್ರೋಸಿಲ್ ಎಂಬ ಫಾಂಟುಗಳಿದ್ದವು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಾಣದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತು. ಅವರ ಲಿಪಿಗೆ ಸಿಕ್ಕಿದ್ದು 1999ರಲ್ಲಿ.

ಕಂಪ್ಯೂಟರಿಗೆ ಅವರು ‘ಮೆದುಳಿನಂಥದ್ದು’ ಎಂಬ ಅರ್ಥದ ಪದ ಕಟ್ಟಿಕೊಂಡಿದ್ದಾರೆ. ಇಂಟರ್‌ನೆಟ್ಟಿಗೆ ‘ಇಕಿಯಾಕ್ಕಿವಿಕ್’ ಎನ್ನುತ್ತಾರೆ, ಪದರಗಳ ಮೂಲಕ ಸಂಚರಿಸುವುದು ಎಂದು. ಹಿಂದೆ ಅವರ ಮಂತ್ರವಾದಿ, ಅಂಗಕ್ಕುಕ್, ದೂರದಲ್ಲಿರುವವರು ಹೇಗಿದ್ದಾರೆಂದು ನೋಡಿಬರಲು ಕಾಲದೇಶಗಳ ಪದರಗಳನ್ನು ದಾಟಿ ಹೋಗುತ್ತಿದ್ದನಂತೆ. ಆ ಪದವನ್ನೇ ತಂದು ಇಂಟರ್‌ನೆಟ್ಟಿಗೆ ಇಟ್ಟರು. ನಮ್ಮ ‘ಅಂತರ್ಜಾಲ’ ತಪ್ಪೇನಲ್ಲ, ಆದರೆ ಅದರಲ್ಲಿ ಯಾರೂ ಸಂಚರಿಸುವುದಿಲ್ಲ.

ಹೊರಜಗತ್ತು ಆ ನಾಡಿಗೆ ಬರೀ ಯಂತ್ರ ತರಲಿಲ್ಲ. ತಿಮಿಂಗಿಲ ಬೇಟೆಯ ಹಡಗು, ತುಪ್ಪಳದ ವ್ಯಾಪಾರ, ಕಾಯಿಲೆ, ಚರ್ಚು, ಪೊಲೀಸು ಎಲ್ಲ ಬಂದವು. ಎರಡು ಸಂಗತಿ ಮಾತ್ರ ಹೇಳುತ್ತೇನೆ. ಅವರಲ್ಲಿ ಮಗು ಹುಟ್ಟಿದರೆ ತೀರಿಕೊಂಡ ಹಿರಿಯರ ಹೆಸರಿಡುತ್ತಾರೆ, ಗಂಡು ಹೆಣ್ಣೆಂಬ ಭೇದವಿಲ್ಲದೆ. ಆ ಹೆಸರಿನ ಜೊತೆ ಸಂಬಂಧವೂ ಬರುತ್ತದೆ; ತನ್ನ ಅಜ್ಜಿಯ ಹೆಸರಿಟ್ಟ ಮಗುವನ್ನು ತಾಯಿ ‘ಅಜ್ಜಿ’ ಎಂದೇ ಕರೆಯಬಹುದು. ಅವರಿಗೆ ಮನೆತನದ ಹೆಸರೆಂಬುದು ಇರಲಿಲ್ಲ. ಅಧಿಕಾರಿಗಳಿಗೆ ಈ ಹೆಸರುಗಳನ್ನು ಉಚ್ಚರಿಸಲು, ಬರೆದಿಡಲು ಕಷ್ಟವಾಯಿತು. 1941ರಿಂದ ಪ್ರತಿಯೊಬ್ಬರಿಗೂ ಕೊರಳಲ್ಲಿ ಹಾಕಿಕೊಳ್ಳುವ ಒಂದು ಬಿಲ್ಲೆ, ಅದರ ಮೇಲೊಂದು ನಂಬರು ಕೊಟ್ಟರು. ಪೂರ್ವದವರಿಗೆ ‘ಇ’, ಪಶ್ಚಿಮದವರಿಗೆ ‘ಡಬ್ಲ್ಯೂ’. 1970ರ ಸುಮಾರಿನವರೆಗೂ ಇದು ನಡೆಯಿತು. ಡೇಟಾಬೇಸ್ ಕೆಲಸ ಮಾಡುವ ಗೆಳತಿಯರೇ, ಇದನ್ನು ನಾವು ಪ್ರೈಮರಿ ಕೀ ಎನ್ನುತ್ತೇವೆ. ದಿನಾ ಹತ್ತು ಸಲ ಆ ಪದ ಬಳಸುತ್ತೇನೆ. ಅದನ್ನು ಒಬ್ಬ ಬಸುರಿಯ ಕೊರಳಲ್ಲಿ ಕಲ್ಪಿಸಿಕೊಂಡಾಗ ಮೈ ಜುಂ ಅಂದಿತು.

ಎರಡನೆಯದು ಶಾಲೆ. ಮಕ್ಕಳನ್ನು ಮನೆಯಿಂದ ದೂರದ ವಸತಿ ಶಾಲೆಗಳಿಗೆ ಒಯ್ದರು. ಅಲ್ಲಿ ತಾಯ್ನುಡಿ ಆಡಿದರೆ ಶಿಕ್ಷೆ. 2008ರ ಜೂನ್ 11ರಂದು ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದರು. ಆದರೆ ಅಷ್ಟರಲ್ಲಿ ಒಂದು ತಲೆಮಾರು ತನ್ನ ಮಕ್ಕಳ ಜೊತೆ ಇಂಗ್ಲಿಷ್ ಮಾತಾಡುವುದನ್ನು ರೂಢಿ ಮಾಡಿಕೊಂಡಿತ್ತು. ನಮ್ಮನ್ನು ಯಾರೂ ಹೊಡೆಯಲಿಲ್ಲ, ಆದರೂ ನಾವು ಮಾಡಿಕೊಂಡಿದ್ದೇವೆ. ಆ ಮಾತು ಉಳಿದ ನಾಲ್ವರು ಆಡುತ್ತಾರೆ.

ಈಗ ನನಗೆ ಬಹಳ ಇಷ್ಟದ ಊರಿಗೆ ಬರುತ್ತೇನೆ. ಇಗ್ಲೂಲಿಕ್ ಎಂಬ ಪುಟ್ಟ ದ್ವೀಪದ ಊರು. 1972ರಲ್ಲಿ ಕೆನಡಾ ಅನಿಕ್ ಉಪಗ್ರಹ ಹಾರಿಸಿದ ಮೇಲೆ ಉತ್ತರದ ಊರುಗಳಿಗೆಲ್ಲ ಟಿ.ವಿ. ಬರತೊಡಗಿತು. ಬಂದದ್ದು ದಕ್ಷಿಣದ ಇಂಗ್ಲಿಷ್ ಕಾರ್ಯಕ್ರಮಗಳು. ‘ನಿಮಗೂ ಬೇಕೇ?’ ಎಂದು ಇಗ್ಲೂಲಿಕ್‌ನಲ್ಲಿ ಮತ ಹಾಕಿಸಿದರು. 1975ರಲ್ಲಿ ಊರು ಬೇಡ ಎಂದಿತು. 1979ರಲ್ಲಿ ಮತ್ತೆ ಕೇಳಿದರು, ಮತ್ತೆ ಬೇಡ ಎಂದಿತು. ನಮ್ಮ ಭಾಷೆಯ ಒಂದು ಕಾರ್ಯಕ್ರಮವೂ ಇಲ್ಲದ ಪೆಟ್ಟಿಗೆ ನಮಗೇಕೆ? 80ರ ದಶಕದ ಆರಂಭದಲ್ಲಿ ಇನುಯಿಟರದೇ ಪ್ರಸಾರ ಸಂಸ್ಥೆ ಶುರುವಾದ ಮೇಲೆಯೇ ಅವರು ಟಿ.ವಿ.ಯನ್ನು ಒಳಗೆ ಬಿಟ್ಟುಕೊಂಡದ್ದು. ಧಾರಾವಾಹಿ ನಿಲ್ಲಿಸಿ ಎಂದು ನಮ್ಮ ಮನೆಯಲ್ಲೇ ನಾವು ಹೇಳಲಾರೆವು. ಒಂದು ಊರಿಗೆ ಊರೇ ಹೇಳಿತು!

ಅದೇ ಊರಿನ ಝಕರಿಯಾಸ್ ಕುನುಕ್ ಕಲ್ಲಿನಲ್ಲಿ ಬೊಂಬೆ ಕೆತ್ತುತ್ತಿದ್ದವರು. 1981ರಲ್ಲಿ ತನ್ನ ಕೆತ್ತನೆಗಳನ್ನು ಮಾಂಟ್ರಿಯಲ್‌ಗೆ ಒಯ್ದು ಮಾರಿ, ಆ ದುಡ್ಡಿನಲ್ಲಿ ವಿಡಿಯೊ ಕ್ಯಾಮೆರಾ ಕೊಂಡು ಬಂದರು. ಅವರು ಗೆಳೆಯರೊಡನೆ ಕಟ್ಟಿದ ಇಸುಮ ಸಂಸ್ಥೆಯ ‘ಅಟನಾರ್ಜುವಾಟ್’ ಚಿತ್ರ 2001ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೊದಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ಡಿ’ಓರ್ ಪ್ರಶಸ್ತಿ ಪಡೆಯಿತು. ಪೂರ್ತಿ ಇನುಕ್ಟಿಟುಟ್ ಭಾಷೆಯ ಮೊದಲ ಕಥಾಚಿತ್ರ ಅದು. ಅಲ್ಲಿನ ಹಿರಿಯರ ಬಾಯಲ್ಲಿದ್ದ ಕಥೆಯನ್ನು ಕೇಳಿ, ದಾಖಲಿಸಿ, ಚಿತ್ರಕಥೆ ಬರೆದ ಪೌಲ್ ಅಪಾಕ್ ಅಂಗಿಲಿರ್ಕ್ ಚಿತ್ರ ಮುಗಿಯುವ ಮೊದಲೇ 1998ರಲ್ಲಿ ತೀರಿಕೊಂಡರು.

ನಾವು ಮಹಿಳಾ ವೇದಿಕೆಯವರು, ಆದ್ದರಿಂದ ಅದೇ ಊರಿನ ಹೆಂಗಸರ ವಿಷಯ. 1991ರಲ್ಲಿ ಅಲ್ಲಿನ ಹೆಣ್ಣುಮಕ್ಕಳು ಸೇರಿ ಆರ್ನೈಟ್ ಎಂಬ ವಿಡಿಯೊ ಕೂಟ ಕಟ್ಟಿದರು. ‘ಆರ್ನೈಟ್’ ಅಂದರೇ ಹೆಂಗಸರು. ಅಜ್ಜಿಯರಿಂದ ಹೆರಿಗೆ ಮಾಡಿಸುವ ವಿಧಾನ, ಚರ್ಮದ ಹೊಲಿಗೆ, ಹಾಡು ಎಲ್ಲ ಕೇಳಿ ಚಿತ್ರೀಕರಿಸಿದರು. 2008ರಲ್ಲಿ ಒಂದು ಪೂರ್ಣ ಕಥಾಚಿತ್ರವನ್ನೇ ಮಾಡಿದರು. ಒಬ್ಬ ಅಜ್ಜಿ, ಒಬ್ಬ ಮೊಮ್ಮಗ, ಹೊರಗಿನವರ ಸಂಪರ್ಕದಿಂದ ಬಂದ ಕಾಯಿಲೆಗೆ ಊರೆಲ್ಲ ಸತ್ತ ಮೇಲೆ ಉಳಿದವರು ಅವರಿಬ್ಬರೇ. ಇಂಗ್ಲಿಷಿನಲ್ಲಿ ಅದರ ಹೆಸರು ‘ಬಿಫೋರ್ ಟುಮಾರೊ’. ಅಜ್ಜಿಯ ಪಾತ್ರ ಮಾಡಿದ ಮೆಡಲಿನ್ ಇವಾಲು ಅವರೇ ನಿರ್ದೇಶಕಿಯರಲ್ಲೊಬ್ಬರು. ಸಿಕ್ಕರೆ ನೋಡಿ, ಕರ್ಚೀಫ್ ಇಟ್ಟುಕೊಂಡು ನೋಡಿ.

ಇನ್ನು ಸಾನಾಕ್. ಮಿಟಿಯಾರ್ಜುಕ್ ನಪ್ಪಾಲುಕ್ 1931ರಲ್ಲಿ ನುನಾವಿಕ್‌ನಲ್ಲಿ ಹುಟ್ಟಿದವರು. ಶಾಲೆಗೆ ಹೋದವರಲ್ಲ, ತಂದೆಯ ಜೊತೆ ಬೇಟೆಗೆ ಹೋದವರು. 1950ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದ ಪಾದ್ರಿಯೊಬ್ಬರಿಗೆ ಭಾಷೆ ಕಲಿಯಬೇಕಿತ್ತು. ದಿನಬಳಕೆಯ ಪದಗಳೆಲ್ಲ ಬರುವಂತೆ ಒಂದಷ್ಟು ವಾಕ್ಯ ಬರೆದುಕೊಡು ಎಂದರು. ಅಂದರೆ, ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಡೇಟಾ ಕೊಡು ಎಂದರು! ಅವರು ಬರೆಯತೊಡಗಿದರು. ಬರೆಯುತ್ತಾ ಬೇಜಾರಾಯಿತೋ ಏನೋ, ವಾಕ್ಯಗಳೊಳಗೆ ಒಬ್ಬ ಹೆಂಗಸನ್ನು ತಂದರು. ಸಾನಾಕ್ ಎಂಬ ವಿಧವೆ, ಅವಳ ಮಗಳು ಕುಮಾಕ್. ಹಾಸಿಗೆಯ ಚಾಪೆಗೆ ಕಡ್ಡಿ ಆರಿಸಲು ಹೊರಡುವ ಸಾನಾಕ್‌ಳಿಂದ ಶುರುವಾಗಿ ಮೀನು, ಮೊಟ್ಟೆ, ನಾಯಿಗಳು, ಮರುಮದುವೆ, ಜಗಳ, ಬಿಳಿಯರ ಬರವು ಎಲ್ಲ ಬರುತ್ತದೆ. ಗಂಡನ ಹೊಡೆತವನ್ನೂ ಮುಚ್ಚಿಟ್ಟಿಲ್ಲ. ಕಾದಂಬರಿ ಎಂಬುದನ್ನು ಕಾಣದೆಯೇ ಅವರು ಕಾದಂಬರಿ ಬರೆದರು. ಅದು ಅವರ ಲಿಪಿಯಲ್ಲಿ ಪುಸ್ತಕವಾಗಿ ಬಂದದ್ದು 1984ರಲ್ಲಿ, ಫ್ರೆಂಚಿನಲ್ಲಿ 2002, ಇಂಗ್ಲಿಷಿನಲ್ಲಿ 2014. ಇಂಗ್ಲಿಷ್ ಪುಸ್ತಕ ನೋಡಲು ಅವರಿರಲಿಲ್ಲ, 2007ರಲ್ಲಿ ತೀರಿಕೊಂಡಿದ್ದರು.

ನಾನು ಇಂಗ್ಲಿಷಿನಲ್ಲೇ ಓದಿದೆ. ದೊಡ್ಡ ಘಟನೆ ಎಂಬುದು ಕಡಿಮೆ. ‘ಅಯ್ಯೋ, ಜೋಪಾನ!’, ‘ಬಾ, ತಿನ್ನು ಬಾ’, ‘ನನ್ನ ಬೂಟು ಒದ್ದೆಯಾಗಿದೆ’ ಎನ್ನುವಂಥ ಮಾತುಗಳೇ. ನಮ್ಮ ಯಂತ್ರದಲ್ಲಿ ಇಲ್ಲದ್ದೆಲ್ಲ ಅಲ್ಲಿತ್ತು.

ಈಗ ಅಲ್ಲಿ ಏನಾಗಿದೆ? ಎರಡೂ ಆಗುತ್ತಿದೆ. ಮೈಕ್ರೋಸಾಫ್ಟ್ 2021ರಲ್ಲಿ, ಗೂಗಲ್ 2024ರಲ್ಲಿ ತಮ್ಮ ಅನುವಾದ ಸೇವೆಗೆ ಆ ಭಾಷೆಯನ್ನು ಸೇರಿಸಿದವು. 2021ರಲ್ಲಿ ಉವಗುಟ್ ಎಂಬ ಇನುಯಿಟ್ ಭಾಷೆಯ ಟಿ.ವಿ. ವಾಹಿನಿ ಬಂತು. ನುನಾವಿಕ್‌ನ ಗಾಯಕಿ ಎಲಿಸಾಪಿ, ಮೆಟಾಲಿಕಾ, ಸಿಂಡಿ ಲೌಪರ್ ಮುಂತಾದವರ ಹಾಡುಗಳನ್ನು ತನ್ನ ಭಾಷೆಗೆ ತಂದು 2023ರಲ್ಲಿ ಒಂದು ಆಲ್ಬಂ ಮಾಡಿದ್ದಾರೆ. ಈ ಭಾಷಣ ಸಿದ್ಧ ಮಾಡುವಾಗ ಅದೇ ಕೇಳುತ್ತಿದ್ದೆ. ಜಾಗತೀಕರಣ ಕಿತ್ತುಕೊಳ್ಳುತ್ತದೆ ಎಂದಷ್ಟೇ ಹೇಳಿದರೆ ಎಲಿಸಾಪಿಗೆ ಅನ್ಯಾಯವಾದೀತು.

ಆದರೆ ಇನ್ನೊಂದು ಲೆಕ್ಕವಿದೆ. ನುನಾವುಟ್‌ನಲ್ಲಿ ಇನುಯಿಟ್ ಭಾಷೆ ತಾಯ್ನುಡಿಯಾಗಿರುವವರು 2001ರಲ್ಲಿ ನೂರಕ್ಕೆ 72, 2016ರಲ್ಲಿ 65. ಎಲ್ಲ ತರಗತಿಗಳಲ್ಲೂ ತಾಯ್ನುಡಿಯಲ್ಲಿ ಪಾಠ ಎಂದು 2008ರಲ್ಲಿ ಕಾನೂನು ಮಾಡಿದ್ದರು. ಕಲಿಸಲು ಶಿಕ್ಷಕರು ಸಾಲಲಿಲ್ಲ. 2020ರಲ್ಲಿ ತಿದ್ದುಪಡಿ ತಂದು ಆ ಗಡುವನ್ನು 2039ಕ್ಕೆ ದೂಡಿದರು. ಸ್ವಂತ ಪ್ರಾಂತ್ಯ, ಸ್ವಂತ ಶಾಸನಸಭೆ ಇದ್ದೂ ಹೀಗೆ. ಇನುಯಿಟ್ ಸಂಘಟನೆಯೇ ತಮ್ಮ ಸರ್ಕಾರದ ಮೇಲೆ ಕೋರ್ಟಿಗೆ ಹೋಯಿತು. ಇವತ್ತು ಅಲ್ಲಿ ಒಂದನೇ ತರಗತಿಯಲ್ಲಿರುವ ಮಗು 2039ರ ಹೊತ್ತಿಗೆ ಶಾಲೆ ಮುಗಿಸಿರುತ್ತದೆ. ಮೊಬೈಲಿನಲ್ಲಿ ಅನುವಾದ ಬಂದದ್ದು ಮೊದಲು, ಶಾಲೆಯಲ್ಲಿ ಮೇಷ್ಟ್ರು ಬರುವುದು ಆಮೇಲೆ. ನನ್ನ ಕೆಲಸದ ಬಗ್ಗೆ ನನಗೆ ಗುಮಾನಿ ಬರುವುದು ಇಲ್ಲಿಯೇ.

ಇನ್ನೊಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಅದೇ ಧ್ರುವವಲಯದಲ್ಲಿ, ನಾರ್ವೆ ಸ್ವೀಡನ್ ಫಿನ್‌ಲ್ಯಾಂಡ್ ಕಡೆ, ಸಾಮಿ ಜನರಿದ್ದಾರೆ. ‘ಫ್ರೋಜನ್’ ಚಿತ್ರದ ಎರಡನೇ ಭಾಗದಲ್ಲಿ ತಮ್ಮ ಸಂಸ್ಕೃತಿಯನ್ನು ಬಳಸಿಕೊಳ್ಳುವುದಾದರೆ ನಮ್ಮನ್ನು ಕೇಳಿ ಬಳಸಿ ಎಂದು ಅವರು ಡಿಸ್ನಿಯವರ ಜೊತೆ ಒಪ್ಪಂದ ಮಾಡಿಕೊಂಡರು. 2019ರಲ್ಲಿ ಆ ಚಿತ್ರ ಉತ್ತರ ಸಾಮಿ ಭಾಷೆಯಲ್ಲೂ ಬಂತು. ಆ ಭಾಷೆ ಆಡುವವರು ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ. ಭಾರತದಲ್ಲಿ ಅದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಿಡುಗಡೆಯಾಯಿತು. ನನ್ನ ಮಗಳು ಎಲ್ಸಾಳ ಮಾತನ್ನು ಹಿಂದಿಯಲ್ಲಿ ಬಾಯಿಪಾಠ ಹೇಳುತ್ತಾಳೆ.

ಹೋದ ತಿಂಗಳು ಧಾರವಾಡದ ನಮ್ಮ ಅವ್ವನಿಗೆ ಫೋನ್ ಮಾಡಿ, ‘ಅವ್ವಾ, ರೊಟ್ಟಿ ಮಾಡೋ ಕೆಲಸದಾಗ ಬರೋ ಶಬ್ದ ಎಲ್ಲಾ ಹೇಳು, ರೆಕಾರ್ಡ್ ಮಾಡ್ತೀನಿ’ ಎಂದೆ. ಇಂಜಿನಿಯರ್ ಬುದ್ಧಿ, ಪಟ್ಟಿ ಬೇಕಿತ್ತು. ಅವ್ವ ‘ಕೊಣಮಿಗಿ’ ಎಂದಳು, ‘ಹಂಚು’ ಎಂದಳು, ಮೂರನೇ ಶಬ್ದಕ್ಕೆ ಹೋಗುವಷ್ಟರಲ್ಲಿ ತನ್ನ ಮದುವೆಯಾದ ಹೊಸದರಲ್ಲಿ ಅತ್ತೆ ರೊಟ್ಟಿ ಹರಿದದ್ದಕ್ಕೆ ಏನಂದರು, ದೊಡ್ಡಮ್ಮ ಹೇಗೆ ಹಿತ್ತಲಲ್ಲಿ ನಿಂತು ಸಮಾಧಾನ ಮಾಡಿದರು ಎಂದು ಶುರು ಮಾಡಿದಳು. 40 ನಿಮಿಷ. ನನ್ನ ಎಕ್ಸೆಲ್ ಹಾಳೆಯಲ್ಲಿ ಎರಡೇ ಸಾಲು ತುಂಬಿದ್ದವು. ಮಗಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಳು, ನಡುವೆ ‘ಹಿತ್ತಲು ಅಂದ್ರೆ ಬ್ಯಾಲ್ಕನಿನಾ?’ ಎಂದು ಒಂದು ಸಲ ಕೇಳಿದಳು, ಅಷ್ಟೇ.

ನನ್ನ 20 ನಿಮಿಷ ಮುಗಿದಿದೆ, ಸಂಯೋಜಕರು ಗಡಿಯಾರ ತೋರಿಸುತ್ತಿದ್ದಾರೆ. ‘ಸಾನಾಕ್’ ಪುಸ್ತಕ ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಒಂದೇ ಪ್ರತಿ. ಓದಬೇಕೆನ್ನುವವರು ಪಕ್ಕದ ಹಾಳೆಯಲ್ಲಿ ಹೆಸರು ಬರೆಯಿರಿ, ಒಬ್ಬರಾದ ಮೇಲೆ ಒಬ್ಬರಿಗೆ ಕೊಡೋಣ. 17ನೇ ಪುಟದ ಮೇಲಿನ ಅರಿಶಿನದ ಕಲೆ ನನ್ನದೇ, ಅಡುಗೆ ಮಾಡುತ್ತಾ ಓದಿದ್ದು.